ವೈಪರ್ ಮೋಟಾರಿನ ದೆವ್ವಗಳು

ಅಮೆರಿಕದಲ್ಲಿ ಪ್ರತಿವರ್ಷ ಅಕ್ಟೋಬರ್ 31ರಂದು ನಡೆಯುವ ಹ್ಯಾಲೋವೀನ್ ಹಬ್ಬಕ್ಕೆ ಮನೆಯಂಗಳದಲ್ಲಿ ನಿಲ್ಲಿಸುವ ಭೂತಪ್ರೇತಗಳಲ್ಲಿ ಎರಡು ಬಗೆಗಳುಂಟು. ಅಂಗಡಿಯಿಂದ ಕೊಂಡು ತಂದು ನಿಲ್ಲಿಸುವಂಥವು ಒಂದು ಬಗೆಯಾದರೆ, ಕಾರಿನ ವೈಪರ್ ಮೋಟಾರು, ಹಳೆಯ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆ, ಪಿವಿಸಿ ಕೊಳವೆ, ಮರದ ಪಟ್ಟಿ, ಜಾಳು ಬಟ್ಟೆ ಮೊದಲಾದ ಅಗ್ಗದ ಸಾಮಗ್ರಿಗಳಿಂದ ಮನೆಯ ಗ್ಯಾರೇಜಿನಲ್ಲೇ ಕಟ್ಟಿದ, ಕೈಕಾಲು ಆಡಿಸುವ ಬೊಂಬೆಗಳು ಇನ್ನೊಂದು ಬಗೆ. ಈ ಎರಡನೆಯ ಬಗೆಯನ್ನು ಕಟ್ಟುವವರಲ್ಲಿ ಹೆಚ್ಚಿನವರು ಎಂಜಿನಿಯರರಲ್ಲ. ಆದರೂ ಅವರು ಎದುರಿಸುವ ಸಮಸ್ಯೆ ಯಂತ್ರಶಾಸ್ತ್ರದ ಅತ್ಯಂತ ಹಳೆಯ ಸಮಸ್ಯೆಗಳಲ್ಲೊಂದು. ಮೋಟಾರಿಗೆ ಸುತ್ತುವುದೊಂದೇ ಗೊತ್ತು, ಜೀವವಿರುವ ಯಾವ ದೇಹವೂ ಸುತ್ತುವುದಿಲ್ಲ. ಒಂದೇ ವೇಗದಲ್ಲಿ ಒಂದೇ ದಾರಿಯಲ್ಲಿ ಮರಳಿ ಮರಳಿ ಬರುವ ಚಲನೆಯನ್ನು ನೋಡುಗರ ಕಣ್ಣು ಕ್ಷಣದಲ್ಲಿ ಯಂತ್ರವೆಂದು ಗುರುತಿಸಿಬಿಡುತ್ತದೆ, ಗುರುತಿಸಿದ ಕೂಡಲೇ ಭಯ ಇಲ್ಲವಾಗುತ್ತದೆ. ಆದ್ದರಿಂದ ಈ ಕಸುಬಿನ ಜಾಣ್ಮೆಯೆಲ್ಲ ಮೋಟಾರಿನ ಆ ವೃತ್ತವನ್ನು ಮರೆಮಾಚುವುದರಲ್ಲಿದೆ.

ಹಬ್ಬದ ಹಿನ್ನೆಲೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕೆಲ್ಟಿಕ್ ಜನರಲ್ಲಿ ಬೇಸಗೆ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ನಡೆಯುತ್ತಿದ್ದ ಸೌವಿನ್ ಎಂಬ ಹಬ್ಬವೂ, ನವೆಂಬರ್ 1ರಂದು ಬರುವ ಕ್ರೈಸ್ತರ ಸಕಲ ಸಂತರ ದಿನದ ಮುನ್ನಾರಾತ್ರಿಯೂ ಕೂಡಿಕೊಂಡು ರೂಪುಗೊಂಡ ಆಚರಣೆಯನ್ನು 19ನೆಯ ಶತಮಾನದ ವಲಸಿಗರು ಅಮೆರಿಕಕ್ಕೆ ಕೊಂಡೊಯ್ದರು. ವೇಷ ತೊಟ್ಟ ಮಕ್ಕಳು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಬೇಡುವ ಪದ್ಧತಿ ಅಲ್ಲಿ 20ನೆಯ ಶತಮಾನದಲ್ಲಿ ಬೇರೂರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ಪಡಿತರ ಬಂದಾಗ ಕುಂದಿ, ಯುದ್ಧ ಮುಗಿದು ಪಡಿತರ ತೆಗೆದ ಮೇಲೆ ಮೊದಲಿಗಿಂತ ಜೋರಾಗಿ ಮರಳಿತು. ಮಕ್ಕಳು ಬೀದಿಯಿಂದ ಬಾಗಿಲಿನವರೆಗೆ ನಡೆದು ಬರುವ ಆ ಹತ್ತಿಪ್ಪತ್ತು ಹೆಜ್ಜೆಗಳ ದಾರಿಯೇ ಮನೆಯವರ ರಂಗಭೂಮಿ.

ಈ ರಂಗಭೂಮಿಯ ದೊಡ್ಡ ಮಾದರಿಗಳು ವಾಣಿಜ್ಯ ಉದ್ಯಾನಗಳಲ್ಲಿವೆ. ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ 1969ರ ಆಗಸ್ಟ್ 9ರಂದು ತೆರೆದ ಹಾಂಟೆಡ್ ಮ್ಯಾನ್ಷನ್ ಎಂಬ ಭೂತಬಂಗಲೆಯು ಮನೆಯಲ್ಲಿ ದೆವ್ವ ಕಟ್ಟುವ ಹವ್ಯಾಸಿಗಳ ಪಾಲಿಗೆ ಇಂದಿಗೂ ಪಾಠಶಾಲೆಯಾಗಿದ್ದು, ಅಲ್ಲಿ ನರ್ತಿಸುವ ಪಾರದರ್ಶಕ ಪ್ರೇತಗಳು 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಪ್ರದರ್ಶಿಸಿದ ಗಾಜಿನ ಪ್ರತಿಬಿಂಬದ ತಂತ್ರದಿಂದಲೇ ಹುಟ್ಟಿದಂಥವು ಎಂಬುದು ಗಮನಾರ್ಹ. ದುಬಾರಿ ಎಂದು ಕಾಣುವ ಬೆರಗಿನ ಹಿಂದೆ ಶತಮಾನ ದಾಟಿದ ಸರಳ ಉಪಾಯವಿರಬಹುದು ಎಂಬ ತಿಳಿವಳಿಕೆಯೇ ಹವ್ಯಾಸಿಗಳಿಗೆ ಧೈರ್ಯ ಕೊಟ್ಟಿರಬೇಕು. ಇನ್ನೊಂದು ಕಡೆ ಮಾರುಕಟ್ಟೆಯೂ ಬೆಳೆದಿದೆ: ಹೋಮ್ ಡಿಪೋ ಎಂಬ ಅಂಗಡಿ ಸರಣಿಯು 2020ರಲ್ಲಿ 12 ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರವೊಂದನ್ನು 299 ಡಾಲರಿಗೆ ಮಾರಿದಾಗ ಜನ ಮುಗಿಬಿದ್ದು ಕೊಂಡರು. ಅಷ್ಟೆತ್ತರದ ಆ ಅಸ್ಥಿಪಂಜರ ಮಾತ್ರ ನಿಂತಲ್ಲಿಂದ ಹೆಜ್ಜೆ ಕದಲಿಸುವುದಿಲ್ಲ. ಅದರ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಕಟ್ಟಿದ ಮೂರಡಿಯ ಬೊಂಬೆ ಕತ್ತಲಲ್ಲಿ ನಿಧಾನವಾಗಿ ತಲೆ ಎತ್ತಿದರೆ ಮಕ್ಕಳು ಹಿಂಜರಿಯುವುದು ಅದರ ಎದುರಿಗೇ.

ಅಗ್ಗದ ಚಲನೆಗೆ ಹವ್ಯಾಸಿಗಳು ಮೊದಲು ಹುಡುಕುವ ವಸ್ತುವೆಂದರೆ ಕಾರಿನ ಗಾಜೊರೆಸುವ ವೈಪರಿನ ಮೋಟಾರು. ಗುಜರಿಗೆ ಬಂದ ಕಾರುಗಳಿಂದ ಇದು ಕಡಿಮೆ ಬೆಲೆಗೆ ಸಿಗುತ್ತದೆ, ಮಳೆಯಲ್ಲಿ ಗಂಟೆಗಟ್ಟಲೆ ಓಡುವಂತೆ ಕಟ್ಟಿರುವುದರಿಂದ ಬೇಗ ಕೆಡುವುದಿಲ್ಲ, 12 ವೋಲ್ಟಿನ ನೇರ ವಿದ್ಯುತ್ತಿನಿಂದ ನಡೆಯುವುದರಿಂದ ಮನೆಯ ವಿದ್ಯುತ್ತಿನಷ್ಟು ಅಪಾಯವನ್ನೂ ಒಡ್ಡುವುದಿಲ್ಲ. ಇದರ ಒಳಗೆ ಬಹಳ ವೇಗವಾಗಿ ತಿರುಗುವ ಒಂದು ಅಚ್ಚು ಇದ್ದು, ಅದರ ತುದಿಯಲ್ಲಿ ತಿರುಪಿನಾಕಾರದ ಹಲ್ಲನ್ನು ಕೊರೆದಿರುತ್ತಾರೆ. ವರ್ಮ್ ಗೇರು ಎನ್ನುವ ಈ ವ್ಯವಸ್ಥೆಯಲ್ಲಿ ಆ ತಿರುಪು ಒಂದು ಸುತ್ತು ತಿರುಗಿದಾಗ ಅದಕ್ಕೆ ಕಚ್ಚಿಕೊಂಡ ದೊಡ್ಡ ಹಲ್ಲುಚಕ್ರ ಸಾಮಾನ್ಯವಾಗಿ ಒಂದೇ ಹಲ್ಲಿನಷ್ಟು ಮುಂದೆ ಸರಿಯುವುದರಿಂದ ವೇಗ ಹತ್ತಾರು ಪಟ್ಟು ಇಳಿದು, ತಿರುಚುಬಲ ಹಲವು ಪಟ್ಟು ಏರುತ್ತದೆ. ಹೊರಗೆ ಚಾಚಿದ ಅಚ್ಚು ನಿಮಿಷಕ್ಕೆ ಸುಮಾರು 40ರಿಂದ 60 ಸುತ್ತು ತಿರುಗುತ್ತದೆ. ಕೈಯಿಂದ ಹಿಡಿದು ಹಿಂದಕ್ಕೆ ತಿರುಗಿಸಲು ಹೋದರೆ ಈ ಗೇರು ಸಾಮಾನ್ಯವಾಗಿ ಬಗ್ಗುವುದಿಲ್ಲವಾದ್ದರಿಂದ ವಿದ್ಯುತ್ತು ನಿಂತಾಗ ಎತ್ತಿದ ಕೈ ಎತ್ತಿದಲ್ಲೇ ಉಳಿಯುತ್ತದೆ, ದೆವ್ವ ಕುಸಿದು ಬೀಳುವುದಿಲ್ಲ.

ನಿಮಿಷಕ್ಕೆ 40 ಸುತ್ತು ಗಾಜು ಒರೆಸಲು ತಕ್ಕ ವೇಗವೇ ಹೊರತು ದೆವ್ವಕ್ಕೆ ತಕ್ಕ ವೇಗವಲ್ಲ. ತಿರುಗುತ್ತಿರುವ ಇಂಥ ಮೋಟಾರು ತನ್ನೊಳಗೇ ಒಂದು ಪ್ರತಿ ವೋಲ್ಟೇಜನ್ನು ಉತ್ಪಾದಿಸುತ್ತದೆ. ಅದು ಹೊರಗಿನಿಂದ ಕೊಟ್ಟ ವೋಲ್ಟೇಜಿಗೆ ಹತ್ತಿರ ಹತ್ತಿರ ಸಮನಾಗುವವರೆಗೆ ಮಾತ್ರ ವೇಗ ಏರುತ್ತದೆ. ಆದಕಾರಣ ಕೊಡುವ ವೋಲ್ಟನ್ನು ಇಳಿಸಿದರೆ ವೇಗವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹಳೆಯ ಮೇಜುಗಣಕದಿಂದ ಕಳಚಿದ ವಿದ್ಯುತ್ ಪೆಟ್ಟಿಗೆ ಇಲ್ಲಿ ಬಹು ಉಪಯುಕ್ತ: ಅದರ ಹಳದಿ ತಂತಿಯಲ್ಲಿ 12 ವೋಲ್ಟು, ಕೆಂಪು ತಂತಿಯಲ್ಲಿ 5 ವೋಲ್ಟು ಇದ್ದು, ಕಪ್ಪು ತಂತಿ ಇವೆರಡಕ್ಕೂ ಮರಳುದಾರಿಯಾಗಿರುತ್ತದೆ, ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದಾಗ ಪೆಟ್ಟಿಗೆ ಚಾಲೂ ಆಗುತ್ತದೆ. ವೈಪರ್ ಮೋಟಾರನ್ನು 5 ವೋಲ್ಟಿಗೆ ಜೋಡಿಸಿದರೆ ಸುತ್ತುಗಳು ನಿಮಿಷಕ್ಕೆ 15ರ ಆಸುಪಾಸಿಗೆ ಇಳಿಯುತ್ತವೆ, ಬಲವೂ ತಕ್ಕಮಟ್ಟಿಗೆ ಉಳಿಯುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಹತೋಟಿ ಬೇಕೆನ್ನುವವರು, ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಕೊಡುವ ಸಣ್ಣ ವೇಗನಿಯಂತ್ರಕವನ್ನು ನಡುವೆ ಇಡುತ್ತಾರೆ. ಅನೇಕ ಕಾರುಗಳ ವೈಪರ್ ಮೋಟಾರಿನಲ್ಲಿ ಲೋಹದ ಕವಚವೇ ಋಣ ತಂತಿಯಾಗಿರುವುದರಿಂದ ಅದನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿಯುವುದಕ್ಕಿಂತ ಮರದ ಹಲಗೆಗೆ ಬಿಗಿಯುವುದು ಲೇಸು. ಏನಾದರೂ ಸಿಕ್ಕಿಕೊಂಡು ಮೋಟಾರು ನಿಂತುಬಿಟ್ಟರೆ ಅದು ಎಳೆಯುವ ವಿದ್ಯುತ್ ಪ್ರವಾಹ ಹಲವು ಪಟ್ಟು ಏರುವುದರಿಂದ ಒಂದು ಫ್ಯೂಸನ್ನೂ ಮರೆಯಬಾರದು.

ಈ ಮೋಟಾರಿನಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಗುಣವಿದೆ. ಚಾಲಕ ಸ್ವಿಚ್ಚನ್ನು ಯಾವ ಕ್ಷಣದಲ್ಲಿ ಆರಿಸಿದರೂ ವೈಪರು ಗಾಜಿನ ನಡುವೆ ನಿಲ್ಲದೆ ಕೆಳಗಿನ ಅಂಚಿಗೆ ಬಂದೇ ನಿಲ್ಲುವುದಕ್ಕೆ, ಗೇರಿನ ತಟ್ಟೆಯ ಮೇಲಿರುವ ಒಂದು ಸಂಪರ್ಕಪಟ್ಟಿ ಕಾರಣ. ಸುತ್ತು ಪೂರ್ಣಗೊಳ್ಳುವವರೆಗೆ ಅದು ಮೋಟಾರಿಗೆ ಬೇರೊಂದು ದಾರಿಯಿಂದ ವಿದ್ಯುತ್ತು ಒದಗಿಸುತ್ತಲೇ ಇರುತ್ತದೆ. ಶವಪೆಟ್ಟಿಗೆಯೊಳಗಿಂದ ಎದ್ದು ಬರುವ ಬೊಂಬೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ: ಯಾವುದೇ ಕಂಪ್ಯೂಟರಿನ ನೆರವಿಲ್ಲದೆ, ಪ್ರತಿ ಸಲವೂ ಮುಚ್ಚಳ ಮುಚ್ಚಿಕೊಂಡ ಸ್ಥಿತಿಗೇ ಹಿಂದಿರುಗಿ, ಮುಂದಿನ ಅತಿಥಿಗಾಗಿ ಕಾಯುತ್ತದೆ.

ಮನೆಯಲ್ಲಿ ಕಟ್ಟುವ ದೆವ್ವಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕ್ರ್ಯಾಂಕಿನಿಂದ ಹಾರುವ ಪ್ರೇತ. ಕ್ರ್ಯಾಂಕ್ ಎಂದರೆ ತಿರುಗುವ ಅಚ್ಚಿಗೆ ಅಡ್ಡವಾಗಿ ಬಿಗಿದ ಒಂದು ಸನ್ನೆಗೋಲು. ಅಚ್ಚು ತಿರುಗಿದಾಗ ಅದರ ತುದಿ ವೃತ್ತಾಕಾರವಾಗಿ ಚಲಿಸುತ್ತದೆ. ಕಿಟಕಿಯ ಒಳಗೆ ಅಥವಾ ಜಗಲಿಯ ಮಾಡಿನ ಕೆಳಗೆ ಒಂದು ಚೌಕಟ್ಟನ್ನು ತೂಗುಹಾಕಿ, ಅದರ ನಡುವೆ ಮೋಟಾರನ್ನು ಅಚ್ಚು ಕೆಳಮುಖವಾಗುವಂತೆ ಕೂಡಿಸಿ, ಕ್ರ್ಯಾಂಕಿನ ತುದಿಯಲ್ಲಿ ಸಡಿಲವಾಗಿ ತಿರುಗುವ ಒಂದು ಉಂಗುರಕ್ಕೆ ಮೂರು ಗಾಳದ ದಾರಗಳನ್ನು ಕಟ್ಟುತ್ತಾರೆ. ಪ್ರತಿಯೊಂದು ದಾರವೂ ಚೌಕಟ್ಟಿನ ಬೇರೆ ಬೇರೆ ಜಾಗದಲ್ಲಿರುವ ಕೊಕ್ಕೆಕಣ್ಣಿನ ಮೂಲಕ ಹಾದು ಕೆಳಗಿಳಿದು, ಒಂದು ಪ್ರೇತದ ತಲೆಯನ್ನೂ ಉಳಿದೆರಡು ಅದರ ಮುಂಗೈಗಳನ್ನೂ ಹಿಡಿದಿರುತ್ತವೆ. ಸೂತ್ರದ ಗೊಂಬೆಯಾಟವನ್ನು ಕಂಡ ಕನ್ನಡಿಗರಿಗೆ ಇದರ ಸ್ವರೂಪ ಕೂಡಲೇ ತಿಳಿಯುತ್ತದೆ, ಏಕೆಂದರೆ ಇಲ್ಲಿ ಬದಲಾಗಿರುವುದು ಸೂತ್ರಧಾರನ ಕೈ ಮಾತ್ರ.

ಒಂದೇ ಕ್ರ್ಯಾಂಕ್ ಮೂರೂ ದಾರಗಳನ್ನು ಎಳೆಯುವಾಗ ಮೂರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕಲ್ಲವೇ ಎಂಬ ಸಂಶಯ ಸಹಜ. ಹಾಗಾಗದಿರುವುದು ರೇಖಾಗಣಿತದ ಕೃಪೆ. ಕ್ರ್ಯಾಂಕಿನ ತುದಿ ಯಾವ ಕೊಕ್ಕೆಕಣ್ಣಿನಿಂದ ದೂರ ಸರಿಯುತ್ತದೋ ಆ ದಾರ ಮೇಲಕ್ಕೆಳೆಯಲ್ಪಡುತ್ತದೆ, ಯಾವುದಕ್ಕೆ ಹತ್ತಿರವಾಗುತ್ತದೋ ಅದು ಸಡಿಲುತ್ತದೆ. ಕೊಕ್ಕೆಕಣ್ಣುಗಳು ಅಚ್ಚಿನ ಸುತ್ತ ಬೇರೆ ಬೇರೆ ದಿಕ್ಕುಗಳಲ್ಲಿರುವುದರಿಂದ ಎಡಗೈ ಏರುವಾಗ ಬಲಗೈ ಇಳಿಯುತ್ತಿರುತ್ತದೆ, ತಲೆ ಇವೆರಡರ ನಡುವಿನ ಯಾವುದೋ ಹಂತದಲ್ಲಿರುತ್ತದೆ. ಕ್ರ್ಯಾಂಕಿನ ಉದ್ದ 15 ಸೆಂಟಿಮೀಟರ್ ಇದ್ದರೆ ಪ್ರತಿಯೊಂದು ದಾರವೂ ಒಂದು ಸುತ್ತಿನಲ್ಲಿ ಅದರ ಇಮ್ಮಡಿ, ಅಂದರೆ 30 ಸೆಂಟಿಮೀಟರಿನಷ್ಟು ಏರಿಳಿಯುತ್ತದೆ. ಕಣ್ಣುಗಳನ್ನು ಸಮಾನ ಕೋನಗಳಲ್ಲಿ ಇಡುವುದು ಹೊಸಬರು ಮಾಡುವ ತಪ್ಪು, ಏಕೆಂದರೆ ಆಗ ಚಲನೆ ಅಚ್ಚುಕಟ್ಟಾಗುತ್ತದೆ, ಅಚ್ಚುಕಟ್ಟು ಇಲ್ಲಿ ಶತ್ರು. ಒಂದು ಕಣ್ಣನ್ನು ಕ್ರ್ಯಾಂಕಿನ ವೃತ್ತಕ್ಕೆ ಸಾಕಷ್ಟು ಸಮೀಪಕ್ಕೆ ತಂದರೆ ಆ ದಾರದ ಏರಿಳಿತದ ಲಯವೇ ಬದಲಾಗಿ, ಎತ್ತರದಲ್ಲಿ ಹೆಚ್ಚು ಹೊತ್ತು ತಂಗಿ, ಕೆಳಗಿಳಿದದ್ದೇ ತಡ ಮತ್ತೆ ಮೇಲೇಳುತ್ತದೆ.

ದಾರವು ಎಳೆಯಬಲ್ಲುದೇ ಹೊರತು ತಳ್ಳಲಾರದು. ಮೇಲೇರುವ ಚಲನೆ ಮೋಟಾರಿನದು, ಕೆಳಗಿಳಿಯುವ ಚಲನೆ ಗುರುತ್ವಾಕರ್ಷಣೆಯದು. ಹಗುರವಾದ ಬಟ್ಟೆಯನ್ನು ಗಾಳಿ ತಡೆಯುವುದರಿಂದ ಇಳಿಯುವಾಗ ಮಡಿಕೆಗಳು ಉಬ್ಬಿ ಹಿಂದುಳಿಯುತ್ತವೆ, ಏರುವಾಗ ಮೈಗೆ ಅಂಟಿ ಜೋಲುತ್ತವೆ. ಈ ವ್ಯತ್ಯಾಸವನ್ನು ಯಾರೂ ವಿನ್ಯಾಸ ಮಾಡಬೇಕಿಲ್ಲ, ಬಟ್ಟೆಯೇ ಅದನ್ನು ಮಾಡಿಕೊಡುತ್ತದೆ, ಮತ್ತು ಬೊಂಬೆ ತೇಲುತ್ತಿದೆ ಎಂಬ ಭ್ರಮೆಯ ಬಹುಪಾಲು ಇಲ್ಲಿಂದ ಬರುತ್ತದೆ. ಕೈಗಳು ತೀರ ಹಗುರವಾದರೆ ದಾರ ಸಡಿಲಾಗಿ ಸಿಕ್ಕುಬೀಳುವುದರಿಂದ ಮುಂಗೈಗಳಲ್ಲಿ ಒಂದೆರಡು ಲೋಹದ ವಾಷರುಗಳನ್ನು ಅಡಗಿಸುವುದು ವಾಡಿಕೆ. ಇಡೀ ಪ್ರೇತ ಅರ್ಧ ಕಿಲೋ ತೂಗಿದರೂ 15 ಸೆಂಟಿಮೀಟರಿನ ಕ್ರ್ಯಾಂಕಿಗೆ ಬೇಕಾಗುವ ತಿರುಚುಬಲ ಒಂದು ನ್ಯೂಟನ್ ಮೀಟರನ್ನೂ ಮುಟ್ಟುವುದಿಲ್ಲ. ವೈಪರ್ ಮೋಟಾರು ಅದರ ಹಲವು ಪಟ್ಟನ್ನು ನಿರಾಯಾಸವಾಗಿ ಕೊಡಬಲ್ಲದು. ವೇಗ ನಿಮಿಷಕ್ಕೆ ಹತ್ತು ಸುತ್ತಿನ ಒಳಗಿದ್ದರೆ ಒಳ್ಳೆಯದು, ಅಂದರೆ ಒಂದು ಏರಿಳಿತಕ್ಕೆ ಆರು ಸೆಕೆಂಡಿಗೂ ಹೆಚ್ಚು. ಅದಕ್ಕಿಂತ ಬೇಗ ಆಡುವ ಪ್ರೇತ ಹೆದರಿಸುವುದಿಲ್ಲ, ವ್ಯಾಯಾಮ ಮಾಡುತ್ತದೆ.

ದಾರದಿಂದ ಆಗದ ಕೆಲಸಗಳಿಗೆ, ಉದಾಹರಣೆಗೆ ಸಮಾಧಿಯಿಂದ ಅರ್ಧ ಮೈ ಎತ್ತಿ ಮತ್ತೆ ಮಲಗುವ ಶವಕ್ಕೆ, ಗಟ್ಟಿಯಾದ ಪಟ್ಟಿಗಳೇ ಬೇಕು. ಇಲ್ಲಿ ನೆರವಿಗೆ ಬರುವುದು ನಾಲ್ಕು ದಂಡಗಳ ಸಂಯೋಜನೆ: ಮೋಟಾರಿನ ಕ್ರ್ಯಾಂಕ್ ಒಂದು, ಅದನ್ನು ಬೊಂಬೆಗೆ ಸೇರಿಸುವ ಉದ್ದ ದಂಡ ಇನ್ನೊಂದು, ಸೊಂಟದ ಕೀಲಿನ ಸುತ್ತ ತೂಗುವ ಬೊಂಬೆಯ ಬೆನ್ನು ಮೂರನೆಯದು, ಮೋಟಾರಿಗೂ ಕೀಲಿಗೂ ನಡುವಿನ ಸ್ಥಿರವಾದ ತಳಹಲಗೆ ನಾಲ್ಕನೆಯದು. ಕ್ರ್ಯಾಂಕ್ ಎಲ್ಲಿಯೂ ಸಿಕ್ಕಿಕೊಳ್ಳದೆ ಪೂರ್ತಿ ಸುತ್ತು ತಿರುಗಬೇಕಾದರೆ ಅದು ನಾಲ್ಕರಲ್ಲಿ ಅತಿ ಚಿಕ್ಕದಾಗಿದ್ದು, ಅತಿ ಚಿಕ್ಕ ಮತ್ತು ಅತಿ ಉದ್ದದ ದಂಡಗಳ ಮೊತ್ತವು ಉಳಿದೆರಡರ ಮೊತ್ತಕ್ಕಿಂತ ಕಡಿಮೆಯಿರಬೇಕು. ಜರ್ಮನಿಯ ಎಂಜಿನಿಯರ್ ಫ್ರಾನ್ಜ್ ಗ್ರಾಸ್‌ಹೋಫ್ 19ನೆಯ ಶತಮಾನದಲ್ಲಿ ಕಂಡುಕೊಂಡ ಈ ನಿಯಮ ಇಂದಿಗೂ ಅವನ ಹೆಸರಿನಲ್ಲೇ ಇದೆ. ಕ್ರ್ಯಾಂಕ್ 5, ಜೋಡಿಸುವ ದಂಡ 20, ಕೀಲಿನಿಂದ ದಂಡ ಕಟ್ಟಿದ ಜಾಗಕ್ಕೆ 12, ಮೋಟಾರಿನಿಂದ ಕೀಲಿಗೆ 18 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಬೊಂಬೆಯ ಬೆನ್ನು ಸುಮಾರು 55 ಡಿಗ್ರಿಯಷ್ಟು ತೂಗುತ್ತದೆ. ಅಷ್ಟೇ ಅಲ್ಲ, ಮೋಟಾರು ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಒಂದು ಕಡೆಗೆ ಹೋಗಲು ಹಿಡಿಯುವ ಸಮಯಕ್ಕೂ ಮರಳಲು ಹಿಡಿಯುವ ಸಮಯಕ್ಕೂ ಸುಮಾರು ಆರಕ್ಕೆ ಐದರ ವ್ಯತ್ಯಾಸ ಬರುತ್ತದೆ. ಮೋಟಾರು ತಿರುಗುವ ದಿಕ್ಕನ್ನು ಅದಲುಬದಲು ಮಾಡಿದರೆ ನಿಧಾನವಾಗಿ ಎದ್ದು ತುಸು ಬೇಗ ಬೀಳುವ ಶವವು ತುಸು ಬೇಗ ಎದ್ದು ನಿಧಾನವಾಗಿ ಮಲಗುತ್ತದೆ. ಎರಡು ತಂತಿಗಳನ್ನು ಬದಲಾಯಿಸಿದ ಮಾತ್ರಕ್ಕೆ ಸ್ವಭಾವವೇ ಬದಲಾಗುವ ಪಾತ್ರ ಬೇರೆ ಯಾವ ರಂಗದಲ್ಲಿದೆ?

ಇನ್ನೂ ನಿಧಾನದ ಚಲನೆಗಳಿಗೆ ಬೇರೆ ಮೋಟಾರುಗಳುಂಟು. ಮೈಕ್ರೋವೇವ್ ಒಲೆಯಲ್ಲಿ ಗಾಜಿನ ತಟ್ಟೆಯನ್ನು ತಿರುಗಿಸುವ ಪುಟ್ಟ ಮೋಟಾರು ನಿಮಿಷಕ್ಕೆ ಐದಾರು ಸುತ್ತಷ್ಟೇ ತಿರುಗುತ್ತದೆ. ಇದು ವಿದ್ಯುತ್ತಿನ ಆವರ್ತನಕ್ಕೆ ಹೆಜ್ಜೆ ಹಾಕುವ ಬಗೆಯದಾಗಿದ್ದು, ತಡೆ ಎದುರಾದರೆ ಹಿಮ್ಮುಖವಾಗಿ ತಿರುಗಲಾರಂಭಿಸುವ ವಿಚಿತ್ರ ಗುಣ ಇಂಥ ಅನೇಕ ಮೋಟಾರುಗಳಿಗಿದೆ. ಅಚ್ಚಿಗೆ ಕಟ್ಟಿದ ಒಂದು ಕಡ್ಡಿಯನ್ನು ಎರಡು ಮೊಳೆಗಳ ನಡುವೆ ಬಿಟ್ಟರೆ ಸಾಕು, ತಲೆಬುರುಡೆಯು ಎಡಕ್ಕೂ ಬಲಕ್ಕೂ ಹೊರಳುತ್ತ ಬೀದಿಯನ್ನು ಕಾವಲು ಕಾಯುತ್ತದೆ. ಇದನ್ನು ಬಿಡಿಯಾಗಿ ಕೊಳ್ಳುವುದೇ ಸರಿ, ಏಕೆಂದರೆ ಒಲೆಯೊಳಗಿನ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟನ್ನು ಹಿಡಿದಿಟ್ಟುಕೊಂಡು ಕೊಲ್ಲಬಲ್ಲುದು. ಹಲವು ಮಾದರಿಗಳು ನೇರವಾಗಿ ಮನೆಯ ವಿದ್ಯುತ್ತಿನಿಂದಲೇ ನಡೆಯುವುದೂ ನೆನಪಿರಬೇಕು. ಕ್ರಿಸ್ಮಸ್ಸಿಗೆ ಅಂಗಳದಲ್ಲಿ ನಿಲ್ಲಿಸುವ, ತಲೆ ಆಡಿಸುವ ದೀಪದ ಜಿಂಕೆಗಳೊಳಗಿನ ಮೋಟಾರು ಇನ್ನೊಂದು ಜನಪ್ರಿಯ ವಸ್ತು. ಶವದ ಎದೆಯ ಕೆಳಗೆ ಅದನ್ನಿಟ್ಟರೆ ಎದೆ ಉಸಿರಾಡುತ್ತದೆ. ಮನುಷ್ಯನು ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಇದರ ಅರ್ಧಕ್ಕಿಳಿದ ಉಸಿರು ಸತ್ತದ್ದೂ ಅಲ್ಲದ ಬದುಕಿದ್ದೂ ಅಲ್ಲದ ಏನನ್ನೋ ಸೂಚಿಸುತ್ತದೆ. ಒಂದೇ ಬೊಂಬೆಯಲ್ಲಿ ನಿಮಿಷಕ್ಕೆ ನಾಲ್ಕು ಸಲ ಹೊರಳುವ ತಲೆಯನ್ನೂ ಮೂರು ಸಲ ಉಬ್ಬುವ ಎದೆಯನ್ನೂ ಕೂಡಿಸಿದರೆ ಅವೆರಡರ ಜೋಡಿಭಂಗಿ ಪುನರಾವರ್ತನೆಯಾಗುವುದು ಪೂರ್ತಿ ಒಂದು ನಿಮಿಷಕ್ಕೆ ಒಮ್ಮೆ ಮಾತ್ರ, ಅಷ್ಟರಲ್ಲಿ ಮಿಠಾಯಿ ಪಡೆದ ಮಗು ಮುಂದಿನ ಮನೆಗೆ ಹೋಗಿಯಾಗಿರುತ್ತದೆ.

ಮೈಕಟ್ಟಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕೊಳವೆಯ ಎಲುಬುಗಳ ಮೇಲೆ ಕೋಳಿಗೂಡಿನ ತಂತಿಬಲೆ, ಅದರ ಮೇಲೆ ಅಂಟಿನಲ್ಲಿ ಅದ್ದಿದ ಕಾಗದ ಅಥವಾ ಗಿಣ್ಣು ಸೋಸುವ ಜಾಳು ಬಟ್ಟೆ ಸಾಕಾಗುತ್ತದೆ. ಪ್ಲಾಸ್ಟಿಕ್ ಅಸ್ಥಿಪಂಜರಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಬಿಸಿಗಾಳಿ ಯಂತ್ರದಿಂದ ಕುಗ್ಗಿಸಿ, ಮರಕ್ಕೆ ಬಳಿಯುವ ಕಂದು ಬಣ್ಣವನ್ನು ಸವರಿದರೆ ಒಣಗಿದ ಚರ್ಮದ ನೋಟ ಬರುತ್ತದೆ, ಆದರೆ ಅದರ ಹೊಗೆ ಕೆಟ್ಟದ್ದಾದ್ದರಿಂದ ಈ ಕೆಲಸ ಬಯಲಲ್ಲೇ ನಡೆಯಬೇಕು. ಬೆಳಕು ಮಾತ್ರ ನಿರ್ಣಾಯಕ. ಬಟ್ಟೆ ಒಗೆಯುವ ಪುಡಿಗಳಲ್ಲಿರುವ ಹೊಳಪುಕಾರಕವು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುತ್ತದೆ. ಆ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸಿದ ಬಿಳಿ ಬಟ್ಟೆಗೆ ನೇರಳಾತೀತ ದೀಪವನ್ನಷ್ಟೇ ಹಾಯಿಸಿದರೆ ಪ್ರೇತ ತಾನೇ ಹೊಳೆಯುತ್ತದೆ, ಕಪ್ಪು ಬಳಿದ ಚೌಕಟ್ಟು, ದಾರ, ಮೋಟಾರುಗಳೆಲ್ಲ ಕತ್ತಲಲ್ಲಿ ಕರಗಿಹೋಗುತ್ತವೆ. ಕಟ್ಟುವುದರಲ್ಲಿ ಆದ ಒರಟುತನವೆಲ್ಲ ಹೀಗೆ ಕ್ಷಮೆಗೊಳಗಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಮೈಬಿಸಿಯ ಅವಕೆಂಪು ಕಿರಣವನ್ನು ಗುರುತಿಸುವ ಸಂವೇದಕಗಳೂ, 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ರೂಪುಗೊಂಡ ಆರ್ಡುಯಿನೋ ಎಂಬ ಅಗ್ಗದ ನಿಯಂತ್ರಕ ಹಲಗೆಯೂ, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸರ್ವೋ ಎಂಬ ಪುಟ್ಟ ಮೋಟಾರುಗಳೂ ಹವ್ಯಾಸಿಗಳ ಕೈಗೆ ಬಂದಿವೆ. ಧ್ವನಿಗೆ ತಕ್ಕಂತೆ ದವಡೆ ಆಡಿಸುವ ಬುರುಡೆಗೆ ಇವು ಅಗತ್ಯವೇ ಸರಿ. ಆದರೆ ಮೂರು ದಾರಗಳ ಪ್ರೇತಕ್ಕೆ ಇವುಗಳನ್ನು ತೊಡಿಸುವುದು ಅನಾವಶ್ಯಕ. ಕೆಡಬಹುದಾದ ಭಾಗಗಳು ಹೆಚ್ಚುತ್ತವೆ, ಭಯ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಸುರಕ್ಷತೆಯ ಮಾತನ್ನು ಕೊನೆಗೆ ಸೇರಿಸುವ ಔಪಚಾರಿಕತೆಯೆಂದು ಭಾವಿಸಬಾರದು. 1984ರ ಮೇ 11ರಂದು ನ್ಯೂಜೆರ್ಸಿಯ ಗ್ರೇಟ್ ಅಡ್ವೆಂಚರ್ ಉದ್ಯಾನದ ಭೂತಕೋಟೆಯಲ್ಲಿ ಬೆಂಕಿ ಹತ್ತಿ ಎಂಟು ಮಂದಿ ಹದಿಹರೆಯದವರು ಸತ್ತರು. ಒಳಗೆ ಹೊದಿಸಿದ್ದ ಫೋಮಿನಂಥ ವಸ್ತುಗಳು ಎಷ್ಟು ಬೇಗ ಉರಿಯುತ್ತವೆಂಬುದು ಆ ದಿನ ತಿಳಿಯಿತು. ಮನೆಯಲ್ಲಿ ಬಳಸುವ ಜಾಳು ಬಟ್ಟೆ, ಥರ್ಮಾಕೋಲ್, ಫೋಮ್ ಇವೆಲ್ಲ ಅದೇ ಜಾತಿಯವು, ಹೀಗಾಗಿ ಕುಂಬಳಕಾಯಿಯೊಳಗೆ ಮೇಣದಬತ್ತಿಯ ಬದಲು ಎಲ್‌ಇಡಿ ದೀಪ ಇಡುವುದು ವಿವೇಕ. ಇಬ್ಬನಿ ಬೀಳುವ ಅಂಗಳಕ್ಕೆ ಎಳೆದ ತಂತಿಯು, ಸುಮಾರು 5 ಮಿಲಿ ಆಂಪಿಯರ್ ಸೋರಿದರೂ ತಕ್ಷಣ ವಿದ್ಯುತ್ ಕಡಿಯುವ ರಕ್ಷಕ ಸಾಕೆಟ್ಟಿನಿಂದಲೇ ಹೊರಡಬೇಕೆಂದು ಅಮೆರಿಕದ ವಿದ್ಯುತ್ ನಿಯಮಗಳು ಹೇಳುತ್ತವೆ. ವೈಪರ್ ಮೋಟಾರಿನ ಬಲಕ್ಕೆ ಮಗುವಿನ ಬೆರಳು ಲೆಕ್ಕಕ್ಕಿಲ್ಲ. ಕ್ರ್ಯಾಂಕಿಗೂ ದಂಡಕ್ಕೂ ನಡುವಿನ ಸಂದು ಯಾರ ಕೈಗೂ ಎಟುಕದಂತೆ ಬಲೆ ಕಟ್ಟುವುದು, ನಡೆಯುವ ದಾರಿಯಿಂದ ಬೊಂಬೆಯನ್ನು ಒಂದೆರಡು ಮಾರು ದೂರವಿಡುವುದು ಅನಿವಾರ್ಯ.

ಈ ತಂತ್ರಗಳು ಕರ್ನಾಟಕಕ್ಕೆ ತೀರ ಅಪರಿಚಿತವೇನಲ್ಲ. ಗಣೇಶೋತ್ಸವದ ಪೆಂಡಾಲುಗಳಲ್ಲಿ ಕೈ ಎತ್ತಿ ಹರಸುವ ವಿನಾಯಕ, ದಸರಾ ಮೆರವಣಿಗೆಯ ಸ್ತಬ್ಧಚಿತ್ರಗಳಲ್ಲಿ ತಲೆ ಹೊರಳಿಸುವ ರಾಕ್ಷಸ ಇವುಗಳ ಒಳಗೂ ಇದೇ ಮೋಟಾರು, ಕ್ರ್ಯಾಂಕ್, ದಂಡಗಳೇ ಕೆಲಸ ಮಾಡುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ವೈಪರ್ ಮೋಟಾರೂ, ಎಸ್.ಪಿ. ರಸ್ತೆಯಲ್ಲಿ ಸಂವೇದಕ, ಸರ್ವೋ, ವೇಗನಿಯಂತ್ರಕಗಳೂ ದೊರೆಯುತ್ತವೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗಂತೂ ನವರಾತ್ರಿಯ ಬೊಂಬೆಗಳನ್ನು ಮೆಟ್ಟಿಲಿನಿಂದ ಇಳಿಸಿ ಪೆಟ್ಟಿಗೆಗೆ ಸೇರಿಸುವುದೂ, ಮಕ್ಕಳ ಒತ್ತಾಯಕ್ಕೆ ಅಂಗಳದಲ್ಲಿ ಅಸ್ಥಿಪಂಜರ ನಿಲ್ಲಿಸುವುದೂ ಬಹುತೇಕ ಒಂದೇ ತಿಂಗಳ ಕೆಲಸ.

ಅನುಭವಿ ಹವ್ಯಾಸಿಗಳ ವರ್ಷ ಆರಂಭವಾಗುವುದು ಅಕ್ಟೋಬರಿನಲ್ಲಲ್ಲ, ಡಿಸೆಂಬರಿನ ಕೊನೆಯ ವಾರದಲ್ಲಿ. ಕ್ರಿಸ್ಮಸ್ ಮುಗಿದ ಮರುದಿನವೇ ಅಂಗಡಿಗಳು ದೀಪದ ಜಿಂಕೆಗಳನ್ನು ರಿಯಾಯಿತಿ ಬೆಲೆಗೆ ಹೊರಹಾಕುತ್ತವೆ, ಆಗ ಕೊಂಡವರಿಗೆ ಮೋಟಾರು ಎಲ್ಲಕ್ಕಿಂತ ಅಗ್ಗ. ಬೇಸಗೆಯಲ್ಲಿ ಚೌಕಟ್ಟು ಮತ್ತು ಕೀಲುಗಳು, ಸೆಪ್ಟೆಂಬರಿನಲ್ಲಿ ಬಟ್ಟೆ ಮತ್ತು ಬಣ್ಣ, ಅಕ್ಟೋಬರಿನ ಮೊದಲ ವಾರದಲ್ಲಿ ಪರೀಕ್ಷೆ ಎಂಬ ಕ್ರಮವನ್ನು ಪಾಲಿಸಿದರೆ ಅವಸರವಿರುವುದಿಲ್ಲ. ಪರೀಕ್ಷೆಯೆಂದರೆ ಬೊಂಬೆಯನ್ನು ಹಬ್ಬದ ಸಂಜೆಯಷ್ಟೇ ದೀರ್ಘ ಕಾಲ, ಅಂದರೆ ನಾಲ್ಕೈದು ಗಂಟೆ, ಎಡೆಬಿಡದೆ ಓಡಿಸಿ ನೋಡುವುದು. ಮೋಟಾರು ಸೋಲುವುದು ಅಪರೂಪ. ಮೊದಲು ಸೋಲುವುದು ಕೊಕ್ಕೆಕಣ್ಣಿಗೆ ಉಜ್ಜಿ ಉಜ್ಜಿ ಸವೆಯುವ ಗಾಳದ ದಾರ, ಎರಡನೆಯದು ಅದುರಿ ಅದುರಿ ಸಡಿಲವಾಗುವ ಕ್ರ್ಯಾಂಕಿನ ನಟ್ಟು. ದಾರ ಹಾಯುವಲ್ಲಿ ಕೊಕ್ಕೆಕಣ್ಣಿನ ಬದಲು ಪುಟ್ಟ ರಾಟೆಯನ್ನು ಕೂಡಿಸಿ, ನಟ್ಟಿಗೆ ನೈಲಾನ್ ಬಳೆಯಿರುವ ಲಾಕ್ ನಟ್ಟನ್ನು ಬಳಸಿದರೆ ಈ ಎರಡೂ ತೊಂದರೆಗಳು ಬಹುಮಟ್ಟಿಗೆ ತಪ್ಪುತ್ತವೆ.